ಸೈಕಾಲಜಿಯಲ್ಲಿ ಎಂಎ ಮಾಡಿದರೆ ನೋಂದಾಯಿತ ಸೈಕಾಲಜಿಸ್ಟ್ ಆಗಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಬಿಎಯಲ್ಲಿ ಸೈಕಾಲಜಿ ಓದಿ, ಐದು ವರ್ಷ ಎಚ್‌ಆರ್ ಕೆಲಸ ಮಾಡಿದ್ದೀರಿ. ಈಗ ಸ್ನಾತಕೋತ್ತರ ಪದವಿ ಮಾಡಿ ನೋಂದಾಯಿತ ಸೈಕಾಲಜಿಸ್ಟ್ ಆಗಬೇಕು ಅಂತಿದ್ದೀರಿ. ಎಂಎ ಮಾಡಿದರೆ ಸಾಕಾ, ಯಾವ ಕೋರ್ಸ್ ಸೇರಲಿ, 28ನೇ ವಯಸ್ಸಿಗೆ ಶುರು ಮಾಡಿದರೆ ತಡವಾಯ್ತಾ ಅಂತ ಕೇಳಿದ್ದೀರಿ. ಯಾವ ದೇಶದಲ್ಲಿ ಕೆಲಸ ಮಾಡುವ ಆಸೆ ಅಂತ ಮಾತ್ರ ಬರೆದಿಲ್ಲ. ಅರ್ಧ ಉತ್ತರ ಅದರ ಮೇಲೇ ನಿಂತಿದೆ.

ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮನಸ್ಸಿನ ತೊಂದರೆ ಇರುವವರನ್ನು ಪರೀಕ್ಷಿಸಿ ಮಾತಿನ ಮೂಲಕ ಚಿಕಿತ್ಸೆ ಕೊಡುವ ಕೆಲಸ. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಈಚೆಗೆ ಟ್ರೈನಿಗಳಿಗೆ ಸೂಪರ್‌ವಿಷನ್ ಕೂಡ ಕೊಡುತ್ತೇನೆ. ಹಾಗಾಗಿ ಎರಡೂ ಕಡೆಯಿಂದ ಕಂಡದ್ದನ್ನು ಹೇಳಬಲ್ಲೆ.

ಮೊದಲು ನೇರ ಉತ್ತರ. ಬರೀ ಎಂಎ ಅಥವಾ ಎಂಎಸ್ಸಿ ಸರ್ಟಿಫಿಕೇಟ್ ಸಾಲದು. ನೋಂದಣಿ ಸಿಗುವುದು ನೀವು ಪುಸ್ತಕ ಓದಿ ಪರೀಕ್ಷೆ ಪಾಸಾದಿರಿ ಅನ್ನುವುದಕ್ಕಲ್ಲ. ಅನುಭವ ಇರುವ ಒಬ್ಬರ ಕಣ್ಣೆದುರಲ್ಲಿ, ನಿಜವಾದ ಕಷ್ಟ ಹೊತ್ತು ಬಂದ ಜನರ ಜೊತೆ, ಇಷ್ಟು ಕಾಲ ಕೆಲಸ ಮಾಡಿದ್ದೀರಿ ಅನ್ನುವುದಕ್ಕೆ. ಸ್ನಾತಕೋತ್ತರ ಕೋರ್ಸ್ ಆರಿಸುವಾಗ ಇದೊಂದನ್ನು ಹಿಡಿದುಕೊಂಡು ನೋಡಿ. ಕಾಲೇಜಿನ ಹೆಸರು, ಕಟ್ಟಡ, ಸಿಲಬಸ್‌ನಲ್ಲಿ ಎಷ್ಟು ಪೇಪರ್ ಇವೆ ಅನ್ನುವುದೆಲ್ಲ ಆಮೇಲೆ.

ಇದು ನನಗೆ ತಡವಾಗಿ ಗೊತ್ತಾಯಿತು. ನಾನು ಮೊದಲು ಮಾಡಿದ್ದು ಎಂಎಸ್ಸಿ. ಹೆಸರು ಹೇಳುವುದಿಲ್ಲ, ಪಾಠ ಚೆನ್ನಾಗಿಯೇ ಮಾಡುತ್ತಿದ್ದರು. ಇಂಟರ್ನ್‌ಶಿಪ್ ಅಂತ ಹದಿನೈದು ದಿನ ಒಂದು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ನಾವು ಹಳೇ ಫೈಲುಗಳಿಂದ ಕೇಸ್ ಹಿಸ್ಟರಿ ನಕಲು ಮಾಡಿದೆವು ಅಷ್ಟೇ. ಒಬ್ಬ ರೋಗಿಯ ಎದುರೂ ಕೂರಲಿಲ್ಲ. ಒಳ್ಳೆ ಅಂಕ ಬಂತು. ಕೆಲಸ ಕೇಳಿಕೊಂಡು ಹೋದಾಗ ಅರ್ಜಿಯಲ್ಲಿ 'ನೋಂದಣಿ ಸಂಖ್ಯೆ' ಅಂತ ಒಂದು ಕಾಲಂ ಇತ್ತು. ಅದನ್ನು ಖಾಲಿ ಬಿಟ್ಟು ಕೊಟ್ಟೆ. ಕೌಂಟರಿನಲ್ಲಿದ್ದವರು ಅರ್ಜಿಯನ್ನು ಅಲ್ಲೇ ವಾಪಸ್ ಕೊಟ್ಟರು. ಎರಡು ವರ್ಷ ಓದಿದ ಕೋರ್ಸ್‌ಗೂ ಆ ಕಾಲಂಗೂ ಸಂಬಂಧವೇ ಇಲ್ಲ ಅಂತ ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈಗ ದೇಶಗಳ ವಿಷಯ. ಭಾರತದಲ್ಲಾದರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸುವುದು ಭಾರತೀಯ ಪುನರ್ವಸತಿ ಪರಿಷತ್ತು. ಎಲ್ಲರೂ ಆರ್‌ಸಿಐ ಅಂತಲೇ ಕರೆಯುತ್ತಾರೆ. ಇದು 1992ರ ಕಾಯ್ದೆಯಿಂದ ಬಂದ ಸಂಸ್ಥೆ. ಇಷ್ಟು ವರ್ಷ ಇದ್ದ ದಾರಿ ಅಂದರೆ ಸೈಕಾಲಜಿಯಲ್ಲಿ ಎಂಎ ಅಥವಾ ಎಂಎಸ್ಸಿ, ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. 2017ರ ಮಾನಸಿಕ ಆರೋಗ್ಯ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಯಾರು ಅಂತ ವಿವರಿಸುವಾಗಲೂ ಸ್ನಾತಕೋತ್ತರ ಪದವಿಯ ಜೊತೆಗೆ ಎರಡು ವರ್ಷದ ಎಂ.ಫಿಲ್ ಅನ್ನು ಹೇಳುತ್ತದೆ. ಅದರಲ್ಲಿ ಸೂಪರ್‌ವಿಷನ್ ಇರುವ ಕ್ಲಿನಿಕಲ್ ತರಬೇತಿ ಇರಲೇಬೇಕು ಅಂತಲೂ ಹೇಳುತ್ತದೆ. ಆ ಮಾತು ಕಾನೂನಿನಲ್ಲೇ ಇದೆ ಅನ್ನುವುದನ್ನು ಗಮನಿಸಿ.

ಆದರೆ ಈ ದಾರಿ ಈಗ ಬದಲಾಗುತ್ತಿದೆ. ಹೊಸ ಶಿಕ್ಷಣ ನೀತಿಯ ನಂತರ ಎಂ.ಫಿಲ್ ಪದವಿಯನ್ನೇ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೂ ಮಾತ್ರ 2025-26ರ ಪ್ರವೇಶದವರೆಗೆ ವಿನಾಯಿತಿ ಕೊಟ್ಟಿತು. ಅದರ ಜಾಗಕ್ಕೆ ಆರ್‌ಸಿಐ ಹೊಸ ಕೋರ್ಸ್‌ಗಳನ್ನು ತಂದಿದೆ. ಎರಡು ವರ್ಷದ ಎಂಎ ಕ್ಲಿನಿಕಲ್ ಸೈಕಾಲಜಿ ಇದೆ, ಸೈ.ಡಿ ಅನ್ನುವ ಡಾಕ್ಟರೇಟ್ ಇದೆ. ಹೆಸರಲ್ಲಿ 'ಕ್ಲಿನಿಕಲ್' ಇದ್ದ ಮಾತ್ರಕ್ಕೆ ಯಾವುದೇ ಎಂಎ ಆರ್‌ಸಿಐ ಎಂಎ ಆಗುವುದಿಲ್ಲ, ಇಲ್ಲೇ ಜಾಸ್ತಿ ಜನ ಎಡವುವುದು. ಆರ್‌ಸಿಐ ಪಟ್ಟಿಯಲ್ಲಿ ಆ ಸಂಸ್ಥೆ, ಆ ಕೋರ್ಸ್, ನೀವು ಸೇರುವ ವರ್ಷ, ಮೂರೂ ಇರಬೇಕು. ಆ ಕೋರ್ಸ್ ಮುಗಿಸಿದವರನ್ನು ಯಾವ ಹೆಸರಿನಲ್ಲಿ ನೋಂದಾಯಿಸುತ್ತಾರೆ ಅಂತಲೂ ಸೇರುವ ಮೊದಲೇ ಬರಹದಲ್ಲಿ ನೋಡಿಕೊಳ್ಳಿ.

ಕ್ಲಿನಿಕಲ್ ಅಲ್ಲದ ಸೈಕಾಲಜಿಸ್ಟ್‌ಗಳನ್ನು 2021ರ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಆ ಕಾಯ್ದೆಯ ಕಾರಣಕ್ಕೇ 2025ರ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ನಡೆಸಬೇಡಿ ಅಂತ ಯುಜಿಸಿ ಹೇಳಿತು. ಕೆಲಸ ಬಿಡದೆ ಮನೆಯಲ್ಲೇ ಕೂತು ಎಂಎ ಮುಗಿಸುವ ಯೋಚನೆ ನಿಮ್ಮ ಪ್ರಶ್ನೆಯಲ್ಲಿತ್ತು. ಅದನ್ನು ಬಿಟ್ಟುಬಿಡಿ.

ಆಸ್ಟ್ರೇಲಿಯಾದಲ್ಲಿ ಲೆಕ್ಕ ಸ್ಪಷ್ಟ. ಮಾನ್ಯತೆ ಇರುವ ನಾಲ್ಕು ವರ್ಷದ ಓದು ಮೊದಲು. ಆಮೇಲೆ ಎರಡು ವರ್ಷದ ವೃತ್ತಿಪರ ಮಾಸ್ಟರ್ಸ್, ಇಲ್ಲವೇ ಒಂದು ವರ್ಷದ ಮಾಸ್ಟರ್ಸ್ ಜೊತೆ ಒಂದು ವರ್ಷದ ಇಂಟರ್ನ್‌ಶಿಪ್. ನಾಲ್ಕು ವರ್ಷ ಓದಿ ಎರಡು ವರ್ಷ ಇಂಟರ್ನ್‌ಶಿಪ್ ಮಾಡುವ ಹಳೇ ದಾರಿಯನ್ನು 2022ರಲ್ಲಿ ಹೊಸಬರಿಗೆ ಮುಚ್ಚಿದರು. ಅಲ್ಲಿ ವಿದ್ಯಾರ್ಥಿಯಾಗಿ ರೋಗಿಗಳನ್ನು ನೋಡುವ ಮೊದಲೇ ತಾತ್ಕಾಲಿಕ ನೋಂದಣಿ ಬೇಕು. ನ್ಯೂಜಿಲೆಂಡ್‌ನಲ್ಲಿ ಮಾಸ್ಟರ್ಸ್ ಜೊತೆಗೆ ಕನಿಷ್ಠ 1500 ಗಂಟೆ ಸೂಪರ್‌ವಿಷನ್‌ನಲ್ಲಿ ಮಾಡಿದ ಕೆಲಸ ಕೇಳುತ್ತಾರೆ.

ಬ್ರಿಟನ್ ಸ್ವಲ್ಪ ಬೇರೆ ಥರ. ಅಲ್ಲಿ ಸುಮ್ನೆ 'ಸೈಕಾಲಜಿಸ್ಟ್' ಅನ್ನುವ ಪದಕ್ಕೆ ಕಾನೂನಿನ ರಕ್ಷಣೆ ಇಲ್ಲ. 'ರಿಜಿಸ್ಟರ್ಡ್ ಸೈಕಾಲಜಿಸ್ಟ್', 'ಕ್ಲಿನಿಕಲ್ ಸೈಕಾಲಜಿಸ್ಟ್', 'ಕೌನ್ಸೆಲಿಂಗ್ ಸೈಕಾಲಜಿಸ್ಟ್' ಸೇರಿ ಒಂಬತ್ತು ಹೆಸರುಗಳಿಗೆ ಇದೆ. 2009ರಿಂದ ಈ ನೋಂದಣಿಯನ್ನು ಎಚ್‌ಸಿಪಿಸಿ ಅನ್ನುವ ಆರೋಗ್ಯ ವೃತ್ತಿಗಳ ಪರಿಷತ್ತು ನೋಡಿಕೊಳ್ಳುತ್ತದೆ. ಕ್ಲಿನಿಕಲ್‌ಗೆ ಹೋಗಬೇಕಾದರೆ ಅಲ್ಲಿ ಮಾಸ್ಟರ್ಸ್ ಸಾಲದು, ಮೂರು ವರ್ಷದ ಡಾಕ್ಟರೇಟ್ ಬೇಕು. ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಒಂದೊಂದು ರಾಜ್ಯ, ಹೆಚ್ಚಿನ ಕಡೆ ಡಾಕ್ಟರೇಟ್ ಇಲ್ಲದೆ ಸೈಕಾಲಜಿಸ್ಟ್ ಅಂತ ಹಾಕಿಕೊಳ್ಳುವ ಹಾಗಿಲ್ಲ.

ಒಂದು ದೇಶದ ನೋಂದಣಿ ಇನ್ನೊಂದು ದೇಶದಲ್ಲಿ ತಾನಾಗಿಯೇ ನಡೆಯುವುದಿಲ್ಲ. ನಿಮ್ಮ ಓದು, ನಿಮ್ಮ ಗಂಟೆಗಳು, ಎಲ್ಲವನ್ನೂ ಹೊಸದಾಗಿ ಅಳೆಯುತ್ತಾರೆ. ಆದ್ದರಿಂದ ಲಾಗ್‌ಬುಕ್, ಸಿಲಬಸ್, ಸೂಪರ್‌ವೈಸರ್ ಸಹಿ ಇರುವ ಪ್ರತಿ ಹಾಳೆಯನ್ನೂ ಜೋಪಾನವಾಗಿಡಿ. ನನ್ನ ಜೊತೆ ಓದಿದವರೊಬ್ಬರು ಆರು ವರ್ಷದ ಮೇಲೆ ಹೊರದೇಶಕ್ಕೆ ಹೋದರು. ಸೂಪರ್‌ವಿಷನ್ ಗಂಟೆಗಳ ದಾಖಲೆಗಾಗಿ ತಿಂಗಳುಗಟ್ಟಲೆ ಅಲೆದರು. ಸಹಿ ಹಾಕಿದ್ದ ಸೂಪರ್‌ವೈಸರ್ ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದರು.

ಇನ್ನು ಆ ಗಂಟೆಗಳಲ್ಲಿ ನಡೆಯುವುದೇನು ಅಂತ ಹೇಳುತ್ತೇನೆ. ಕೋರ್ಸ್ ಬಗ್ಗೆ ಬರೆಯುವವರು ಇದನ್ನು ಹೇಳುವುದೇ ಇಲ್ಲ.

ಎಂ.ಫಿಲ್ ಸೇರಿ ಎರಡು ತಿಂಗಳಾಗಿತ್ತು. ನಿದ್ದೆ ಬರುವುದಿಲ್ಲ ಅಂತ ಒಬ್ಬರು ಬಂದಿದ್ದರು. ಮುಕ್ಕಾಲು ಗಂಟೆ ಮಾತಾಡಿಸಿದೆ. ಯಾವಾಗ ಮಲಗುತ್ತಾರೆ, ಎಷ್ಟು ಸಲ ಎಚ್ಚರ ಆಗುತ್ತೆ, ಕಾಫಿ ಎಷ್ಟು ಕುಡಿಯುತ್ತಾರೆ, ಎಲ್ಲ ಕೇಳಿದೆ. ಆಡಿದ ಮಾತನ್ನು ಪೂರ್ತಿ ಬರೆದು ಸೂಪರ್‌ವೈಸರ್ ಮುಂದಿಟ್ಟೆ. ಮೇಡಂ ಪೆನ್ಸಿಲ್ ತಗೊಂಡು ಓದುತ್ತಾ ಹೋದರು. ಮೂರು ಕಡೆ ಒಂದೊಂದು ಗುಂಡಗಿನ ಗೆರೆ ಎಳೆದರು. ಮೂರೂ ಕಡೆ ಆ ವ್ಯಕ್ತಿ 'ನಮ್ಮಣ್ಣ' ಅಂದಿದ್ದರು.

"ಮೂರು ಸಲ ಅಣ್ಣನ ಸುದ್ದಿ ಎತ್ತಿದ್ದಾರೆ. ಮೂರು ಸಲವೂ ನೀನು ನಿದ್ದೆ ಬಗ್ಗೆ ಕೇಳಿದ್ದೀಯ. ಯಾಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಕೈಯಲ್ಲಿ ಪ್ರಶ್ನೆಗಳ ಪಟ್ಟಿ ಇತ್ತು, ಅದನ್ನು ಮುಗಿಸುವ ಆತುರ ಇತ್ತು. ಮುಂದಿನ ವಾರ ಅವರು ಬಂದಾಗ ಪಟ್ಟಿಯನ್ನು ಪಕ್ಕಕ್ಕಿಟ್ಟು, "ಹೋದ ಸಲ ಅಣ್ಣನ ವಿಷಯ ಹೇಳ್ತಾ ಇದ್ರಿ" ಅಂದೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಮಾತು ಬಂತು. ಏನು ಹೇಳಿದರು ಅನ್ನುವುದು ಅವರ ಸ್ವಂತದ್ದು, ಇಲ್ಲಿ ಬರೆಯುವುದಿಲ್ಲ. ಎಂಎಸ್ಸಿಯಲ್ಲಿ 'ಆಲಿಸುವ ಕೌಶಲ' ಅಂತ ಒಂದು ಪೂರ್ತಿ ಅಧ್ಯಾಯ ಓದಿ ಅಂಕ ತಗೊಂಡಿದ್ದೆ. ಆ ಮೂರು ಪೆನ್ಸಿಲ್ ಗೆರೆ ನೋಡುವ ತನಕ ನನಗೆ ಕೇಳಿಸಿಕೊಳ್ಳಲು ಬರುತ್ತಿರಲಿಲ್ಲ.

ಇನ್ನೊಂದು. ಒಬ್ಬ ಹುಡುಗನಿಗೆ ಬುದ್ಧಿಮತ್ತೆಯ ಟೆಸ್ಟ್ ಮಾಡಿದ್ದೆ. ಅವನ ವಯಸ್ಸು 8 ವರ್ಷ 11 ತಿಂಗಳು 22 ದಿನ. ಒಂದು ವಾರ ಕಳೆದರೆ ಒಂಬತ್ತೇ ತಾನೇ ಅಂತ 9 ವರ್ಷ ಅಂತ ಹಾಕಿ, ಆ ವಯಸ್ಸಿನ ಕೋಷ್ಟಕ ನೋಡಿ ಅಂಕ ಬರೆದೆ. ಈ ಟೆಸ್ಟ್‌ಗಳಲ್ಲಿ ವಯಸ್ಸನ್ನು ಮೇಲಕ್ಕೆ ಸರಿಮಾಡುವ ಹಾಗಿಲ್ಲ. ದೊಡ್ಡ ಮಕ್ಕಳ ಕೋಷ್ಟಕಕ್ಕೆ ಹಾಕಿದರೆ ಅಷ್ಟೇ ಸರಿ ಉತ್ತರಕ್ಕೆ ಕಮ್ಮಿ ಅಂಕ ಬರುತ್ತದೆ. ಮೇಡಂ ರಿಪೋರ್ಟ್ ಓದಲೇ ಇಲ್ಲ. ಮೊದಲು ಹುಟ್ಟಿದ ದಿನ ನೋಡಿದರು, ಹಾಳೆಯ ಅಂಚಿನಲ್ಲಿ ಕಳೆಯುವ ಲೆಕ್ಕ ಮಾಡಿದರು, ರಿಪೋರ್ಟ್ ನನ್ನ ಕಡೆ ತಳ್ಳಿದರು. ಆ ಮಗು ಯಾವ ತರಗತಿಗೆ ಹೋಗಬೇಕು, ಏನು ನೆರವು ಕೊಡಬೇಕು ಅನ್ನುವುದನ್ನೆಲ್ಲ ಆ ಹಾಳೆ ನೋಡಿ ತೀರ್ಮಾನ ಮಾಡುತ್ತಾರೆ. ನನ್ನ ಅಸಡ್ಡೆ ಅವನ ಫೈಲಿನಲ್ಲಿ ವರ್ಷಗಟ್ಟಲೆ ಉಳಿಯುತ್ತಿತ್ತು. ಈಗ ನನ್ನ ಟ್ರೈನಿಗಳು ರಿಪೋರ್ಟ್ ತಂದರೆ ನಾನೂ ಮೊದಲು ನೋಡುವುದು ಹುಟ್ಟಿದ ದಿನವನ್ನೇ.

ಹಾಗಾಗಿ ಕಾಲೇಜಿಗೆ ಫೋನ್ ಮಾಡಿದಾಗ ಇವನ್ನು ಕೇಳಿ. ವಾರಕ್ಕೆ ಎಷ್ಟು ಗಂಟೆ ಸೂಪರ್‌ವಿಷನ್ ಇದೆ, ಒಬ್ಬೊಬ್ಬರಿಗೇ ಕೊಡುತ್ತಾರಾ ಅಥವಾ ಇಪ್ಪತ್ತು ಜನರನ್ನು ಒಟ್ಟಿಗೆ ಕೂರಿಸುತ್ತಾರಾ? ಸೂಪರ್‌ವೈಸರ್ ಸ್ವತಃ ನೋಂದಾಯಿತರಾ? ಪ್ಲೇಸ್‌ಮೆಂಟ್ ಜಾಗವನ್ನು, ಅಂದರೆ ರೋಗಿಗಳ ಜೊತೆ ತರಬೇತಿ ಪಡೆಯುವ ಜಾಗವನ್ನು, ಕಾಲೇಜೇ ಕೊಡುತ್ತದಾ, ಇಲ್ಲ ನೀವೇ ಹುಡುಕಿಕೊಳ್ಳಬೇಕಾ? ಉತ್ತರ ತಡವರಿಸಿದರೆ ನಿಮಗೆ ಗೊತ್ತಾಗುತ್ತದೆ. ಹಿಂದಿನ ಬ್ಯಾಚಿನ ಇಬ್ಬರನ್ನು ಹುಡುಕಿ ಮಾತಾಡಿ. 'ನೋಂದಣಿ ಆಯ್ತಾ, ಎಷ್ಟು ದಿನ ಹಿಡೀತು' ಅಂತ ನೇರವಾಗಿ ಕೇಳಿ. ಸಂಶೋಧನೆಗೆ ಒತ್ತು ಕೊಡುವ ಮಾಸ್ಟರ್ಸ್ ಕೂಡ ಇರುತ್ತವೆ. ಅವು ಕೆಟ್ಟವಲ್ಲ, ಪಾಠ ಮಾಡುವವರಿಗೂ ಪಿಎಚ್‌ಡಿಗೆ ಹೋಗುವವರಿಗೂ ಅದೇ ಸರಿ. ಆದರೆ ನಿಮಗೆ ಬೇಕಾಗಿರುವುದು ಅದಲ್ಲ.

ಪ್ರವೇಶದ ಸಂದರ್ಶನಕ್ಕೆ ಹೆದರಬೇಡಿ. ಸಿದ್ಧಾಂತ ಕೇಳುತ್ತಾರೆ, ಅಂಕಿಅಂಶ ಕೇಳುತ್ತಾರೆ, ಅದು ಓದಿದರೆ ಬರುತ್ತದೆ. 'ಈ ಕೆಲಸಕ್ಕೆ ಯಾಕೆ ಬರ್ತಿದ್ದೀರಿ' ಅನ್ನುವ ಪ್ರಶ್ನೆಯನ್ನು ಮಾತ್ರ ಮೊದಲೇ ಕೂತು ಯೋಚಿಸಿ. 'ಜನರಿಗೆ ಸಹಾಯ ಮಾಡಬೇಕು' ಅಂತ ಎಲ್ಲರೂ ಹೇಳುತ್ತಾರೆ. ನಿಮಗೆ ಐದು ವರ್ಷದ ಎಚ್‌ಆರ್ ಅನುಭವ ಇದೆ. ಕೆಲಸ ಕಳೆದುಕೊಂಡವರ ಎದುರು ಕೂತು ಆ ಸುದ್ದಿ ಹೇಳಿರುತ್ತೀರಿ ಅಲ್ವಾ? ಆ ಕೋಣೆಯಲ್ಲಿ ನೀವೇನು ನೋಡಿದಿರಿ, ನಿಮಗೆ ಏನನ್ನಿಸಿತು ಅಂತ ಹೇಳಿ. ಸ್ವಂತ ಮನಸ್ಸಿನ ಕಷ್ಟ ಇದ್ದು ಚಿಕಿತ್ಸೆ ತಗೊಂಡಿದ್ದರೆ ಅದಕ್ಕೆ ಕುಗ್ಗಬೇಕಾಗಿಲ್ಲ. ಟ್ರೈನಿಂಗ್ ಸಮಯದಲ್ಲಿ ನಾನೂ ಒಬ್ಬ ಥೆರಪಿಸ್ಟ್ ಹತ್ತಿರ ಹೋಗುತ್ತಿದ್ದೆ. ಹೋಗದಿದ್ದರೆ ಎರಡನೇ ವರ್ಷ ದಾಟುತ್ತಿರಲಿಲ್ಲ.

ವಯಸ್ಸಿನ ಬಗ್ಗೆ ಕೇಳಿದ್ದೀರಿ. ನಮ್ಮ ಬ್ಯಾಚಿನಲ್ಲಿ ಒಂಬತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವರೊಬ್ಬರು ಇದ್ದರು. ನಮಗಿಂತ ಹತ್ತು ವರ್ಷ ದೊಡ್ಡವರು, ನಾವೆಲ್ಲ ಅಕ್ಕ ಅಂತಿದ್ದೆವು. ಸ್ಟಾಟಿಸ್ಟಿಕ್ಸ್ ಅವರಿಗೆ ಕಷ್ಟ ಆಗುತ್ತಿತ್ತು, ನಾವು ಹೇಳಿಕೊಡುತ್ತಿದ್ದೆವು. ಮಕ್ಕಳ ಓಪಿಡಿಯಲ್ಲಿ ಒಂದು ದಿನ ಒಬ್ಬ ಪುಟ್ಟ ಹುಡುಗಿ ನಮ್ಮಲ್ಲಿ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಟೆಸ್ಟ್ ಕಿಟ್ ತೆಗೆದು ಮುಂದಿಟ್ಟರೂ ಅಮ್ಮನ ಸೆರಗಿನ ಹಿಂದೆಯೇ ನಿಂತಿದ್ದಳು. ಅಕ್ಕ ಬಂದು ನೆಲದ ಮೇಲೆ ಕೂತರು. ಹುಡುಗಿಯನ್ನು ನೋಡಲೂ ಇಲ್ಲ, ಮಾತಾಡಿಸಲೂ ಇಲ್ಲ. ತಮ್ಮ ಪಾಡಿಗೆ ಒಂದು ಹಾಳೆ ಮಡಚುತ್ತಾ ದೋಣಿ ಮಾಡತೊಡಗಿದರು. ಬೇಕಂತಲೇ ಒಂದು ಮಡಿಕೆ ತಪ್ಪು ಹಾಕಿದರು. ಸ್ವಲ್ಪ ಹೊತ್ತಿಗೆ ಸೆರಗಿನ ಹಿಂದಿನಿಂದ ದನಿ ಬಂತು, "ಅಲ್ಲಿ ಅಲ್ಲ, ಹೀಗೆ."