ಪ್ರೋಟೀನ್ ಕರಗಿದ ಮೇಲೆ ವಾಸನೆ ಯಾಕೆ ಜಾಸ್ತಿ ಆಯ್ತು?

ನಿಮ್ಮ ಪತ್ರ ಎರಡು ಸಲ ಓದಿದೆ. ಮೀನು ಸಂಸ್ಕರಣೆ ಘಟಕದ ಕೊಳಚೆ ಟ್ಯಾಂಕಿಗೆ ಪ್ರೋಟೀನ್ ಕರಗಿಸೋ ಬ್ಯಾಕ್ಟೀರಿಯಾ ಪುಡಿ ಹಾಕಿದ್ರಿ, ಮೇಲೆ ಕಟ್ಟಿದ್ದ ಗಟ್ಟಿ ಪದರ ಕರಗೋಯ್ತು, ಆದ್ರೆ ವಾರದೊಳಗೆ ಕಣ್ಣುರಿಯೋ ವಾಸನೆ ಶುರು, ಪುಡಿ ಮಾರಿದವರು ಮೋಸ ಮಾಡಿದ್ರಾ ಅಂತ ಕೇಳಿದೀರಿ. ನಂಗನ್ಸೋದು ಮೋಸ ಅಲ್ಲ, ಪುಡಿ ಕೆಲಸ ಮಾಡಿದ್ದಕ್ಕೇ ವಾಸನೆ ಬಂದಿದೆ.

ಇಡೀ ಪ್ರೋಟೀನ್ ಅಣು ದೊಡ್ಡದು, ಬ್ಯಾಕ್ಟೀರಿಯಾ ಒಳಗೆ ಹೋಗಲ್ಲ. ಅದಕ್ಕೇ ಬ್ಯಾಸಿಲಸ್ ಸಬ್ಟಿಲಿಸ್ ಥರದವು ಪ್ರೋಟಿಯೇಸ್ ಅನ್ನೋ ಕಿಣ್ವನ ಹೊರಗೆ ಬಿಡ್ತವೆ, ಅದು ಅಲ್ಲೇ ಪ್ರೋಟೀನನ್ನ ತುಂಡು ಮಾಡುತ್ತೆ, ಪೆಪ್ಟೈಡ್, ಅಮೈನೋ ಆಮ್ಲ ಅನ್ನೋ ಸಣ್ಣ ತುಂಡುಗಳಾದ್ಮೇಲೆ ಬ್ಯಾಕ್ಟೀರಿಯಾ ಅವನ್ನ ಒಳಗೆ ಎಳ್ಕೊಳ್ತವೆ. ಬಟ್ಟೆ ಒಗೆಯೋ ಪುಡಿಲಿ ರಕ್ತದ ಕಲೆ ತೆಗೆಯೋಕೆ ಹಾಕೋದೂ ಇಂಥದ್ದೇ ಕಿಣ್ವ. ಕೋಳಿ ಪುಕ್ಕದಲ್ಲಿರೋ ಕೆರಾಟಿನ್ ಅನ್ನೋ ಗಟ್ಟಿ ಪ್ರೋಟೀನ್ ಒಡೆಯೋದು ಇನ್ನೂ ಕಷ್ಟ, ಅದನ್ನೂ ಒಡೆಯೋ ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನ ಒಂದು ತಳಿ ಸಿಕ್ಕಿದ್ದು ಕೋಳಿ ತ್ಯಾಜ್ಯ ಕೊಳೆಸೋ ಟ್ಯಾಂಕಲ್ಲೇ (ಡೈಜೆಸ್ಟರ್) ಅನ್ನೋದು ನಂಗೆ ತುಂಬ ಇಷ್ಟವಾದ ಸಂಗತಿ.

ಇನ್ನು ನಿಮ್ಮ ತೊಂದರೆಗೆ ಬರ್ತೀನಿ. ಪ್ರೋಟೀನ್ ತೂಕದಲ್ಲಿ ಸುಮಾರು 16% ಸಾರಜನಕ, ಅಂದ್ರೆ 1 ಕೆಜಿ ಒಡೆದ್ರೆ 160 ಗ್ರಾಂ, ಅದರಲ್ಲಿ ಬಹುಪಾಲು ಅಮೋನಿಯಾ ಆಗಿ ನೀರಿಗೆ ಬರುತ್ತೆ, ಜೊತೆಗೆ ಪಿಎಚ್ ಏರುತ್ತೆ, ಪಿಎಚ್ ಏರಿದಷ್ಟೂ ಅಮೋನಿಯಾ ಅನಿಲವಾಗಿ ಮೇಲೇಳುತ್ತೆ, ನಿಮ್ಮ ಕಣ್ಣುರಿ ಇದೇ. ಗಾಳಿ ಸಾಲದ ಕಡೆ ಗಂಧಕ ಇರೋ ಅಮೈನೋ ಆಮ್ಲಗಳಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತೆ, ಕೊಳೆತ ಮೊಟ್ಟೆ ವಾಸನೆ ಅದರದ್ದು.

ಈ ಅಮೋನಿಯಾನ ನೈಟ್ರೇಟ್ ಮಾಡೋದು ಬೇರೆ ಬ್ಯಾಕ್ಟೀರಿಯಾಗಳು, ನೈಟ್ರೊಸೊಮೊನಾಸ್ ಅಂಥವು ಮೊದಲು ನೈಟ್ರೈಟ್ ಮಾಡ್ತವೆ, ನೈಟ್ರೊಬ್ಯಾಕ್ಟರ್ ಅಂಥವು ಅದನ್ನ ನೈಟ್ರೇಟ್ ಮಾಡ್ತವೆ. ಇವೆಲ್ಲ ಬೆಳೆಯೋದೇ ನಿಧಾನ, ನೈಟ್ರೇಟ್ ಆಗೋವರೆಗೆ 1 ಗ್ರಾಂ ಅಮೋನಿಯಾ ಸಾರಜನಕಕ್ಕೆ 4.57 ಗ್ರಾಂ ಆಮ್ಲಜನಕ ಬೇಕು. ಪ್ರೋಟೀನ್ ಕರಗಿಸೋ ಗುಂಪು ದಿನಗಳಲ್ಲೇ ಕೆಲಸ ಮಾಡುತ್ತೆ, ಅಮೋನಿಯಾ ತೆಗೆಯೋ ಗುಂಪು ವಾರಗಟ್ಟಲೆ ತಗೊಳುತ್ತೆ, ಹೀಗಿರುವಾಗ ಇನ್ನೊಂದು ಪ್ಯಾಕೆಟ್ ಸುರಿದ್ರೆ ಅಮೋನಿಯಾ ಇನ್ನೂ ಹೆಚ್ಚುತ್ತೆ ಅಷ್ಟೇ, ದಯವಿಟ್ಟು ಸುರೀಬೇಡಿ. ಗಾಳಿ ಬಿಡೋ ವ್ಯವಸ್ಥೆ ಮೊದಲು ನೋಡಿ, ಅಮೋನಿಯಾ, ಪಿಎಚ್ ದಿನಾ ಅಳೆದು ಬರೆದಿಡಿ.

ಅದಕ್ಕಿಂತ ಮುಂಚೆ ಮಾಡಬೇಕಾದ್ದು, ರಕ್ತ, ಮಾಂಸದ ಚೂರು ನೀರಿಗೆ ಬೀಳೋಕೂ ಮೊದಲೇ ಜಾಲರಿ ಹಾಕಿ, ಬೇರೆ ಪಾತ್ರೆಲಿ ಹಿಡಿದು ತೆಗೆಯೋದು. ತೆಗೆದ ಚೂರನ್ನ ಬಯೋಗ್ಯಾಸ್ ಪ್ಲಾಂಟಿಗೆ ಹಾಕೋದಾದ್ರೂ ಒಂಟಿಯಾಗಿ ಹಾಕ್ಬೇಡಿ, ಮೀಥೇನ್ ಮಾಡೋ ಜೀವಿಗಳು ಅಮೋನಿಯಾಗೆ ಸೊರಗ್ತವೆ, ತರಕಾರಿ ಸಿಪ್ಪೆ ಥರ ಇಂಗಾಲ ಜಾಸ್ತಿ ಇರೋದು ಬೆರೆಸಿ.

ಮತ್ತೆ, ಆ ಟ್ಯಾಂಕಿಗೆ ಯಾರನ್ನೂ ಇಳಿಸ್ಬೇಡಿ. ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಆದ್ರೆ ಮೂಗಿಗೆ ವಾಸನೆನೇ ಗೊತ್ತಾಗಲ್ಲ, ಇವತ್ತು ವಾಸನೆ ಕಮ್ಮಿ ಇದೆ ಅಂತ ಇಳಿದವರು ಅಲ್ಲೇ ಕುಸಿದುಬೀಳ್ತಾರೆ.