ಇಥಿಯೋಪಿಯಾದ ಉಡುಪಿನ ಡಿಸೈನ್ ಇಟ್ಟುಕೊಂಡು ಪೋಸ್ಟರ್ ಮಾಡುವುದು ಹೇಗೆ?

ಕಾಲೇಜಿನ ಇಥಿಯೋಪಿಯಾ ಗೆಳೆಯರ ಹೊಸ ವರ್ಷಕ್ಕೆ ಪೋಸ್ಟರ್ ಮಾಡಬೇಕು, ಅವರ ಬಟ್ಟೆಯ ಕಳೆ ಬರಬೇಕು, ಹಸಿರು ಹಳದಿ ಕೆಂಪು ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಅದು ಬಾವುಟದ ಬಣ್ಣ. ಅವರ ಬಟ್ಟೆಯಲ್ಲಿ ಜಾಸ್ತಿ ಇರುವುದು ಬಿಳಿ.

ನಾನು ಎರಡು ವರ್ಷ ಅಡಿಸ್ ಅಬಾಬಾದಲ್ಲಿದ್ದೆ, ಅಲ್ಲಿ ಪೋಸ್ಟರ್ ಕೆಲಸವನ್ನೂ ಮಾಡಿದ್ದೇನೆ. ಎಂಟೊಟೊ ಬೆಟ್ಟದ ಬುಡದಲ್ಲಿ ಶಿರೋ ಮೇಡಾ ಅಂತ ಒಂದು ಮಾರುಕಟ್ಟೆ ಇದೆ, ಸಾಲು ಸಾಲು ಬಟ್ಟೆ ಅಂಗಡಿ. ಹೆಂಗಸರ ಉದ್ದನೆಯ ಬಿಳಿ ಹತ್ತಿ ಉಡುಪು ಹಬೆಶಾ ಕೆಮಿಸ್. ಮೇಲೆ ಹೊದೆಯುವ ತೆಳು ಶಾಲು ನೆಟೆಲಾ, ಅದು ಎರಡು ಪದರ. ಚಳಿಗೆ ಹೊದೆಯುವ ಗಾಬಿ ನಾಲ್ಕು ಪದರ. ನೆಟೆಲಾವನ್ನು ಕಿಟಕಿ ಬೆಳಕಿಗೆ ಹಿಡಿದರೆ ಆಚೆಗಿರುವ ನಿಮ್ಮ ಕೈ ಮಸುಕಾಗಿ ಕಾಣುತ್ತದೆ, ನೂಲು ಒಂದು ಕಡೆ ದಪ್ಪ ಒಂದು ಕಡೆ ಸಣ್ಣ, ಆಮೇಲೆ ಇದ್ದಕ್ಕಿದ್ದ ಹಾಗೆ ತುದಿಯಲ್ಲಿ ಬಣ್ಣದ ಅಂಚು ಶುರುವಾಗುತ್ತದೆ. ಆ ಅಂಚಿಗೆ ತಿಬೆಬ್ ಅನ್ನುತ್ತಾರೆ. ಅಮ್ಹಾರಿಕ್ ಭಾಷೆಯಲ್ಲಿ ಅದೇ ಪದಕ್ಕೆ ಜ್ಞಾನ ಅನ್ನುವ ಅರ್ಥವೂ ಇದೆ. ಇದನ್ನು ನೇಯುವುದರಲ್ಲಿ ದಕ್ಷಿಣದ ಗಾಮೋ ಬೆಟ್ಟಗಳ ಡೋರ್ಜೆ ಜನ ದೊಡ್ಡ ಹೆಸರು.

ಪೋಸ್ಟರಿನಲ್ಲೂ ಹಾಗೇ ಮಾಡಿ. ಮುಕ್ಕಾಲು ಭಾಗ ಖಾಲಿ ಬಿಡಿ. ಅಂಚನ್ನು ಕೆಳಗೋ ಒಂದು ಪಕ್ಕಕ್ಕೋ ಮಾತ್ರ ತನ್ನಿ, ನಾಲ್ಕೂ ಕಡೆ ಚೌಕಟ್ಟಿನಂತೆ ಸುತ್ತಬೇಡಿ. ಸೀರೆ ಅಂಚು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಅದು ಮಗ್ಗದ ಮೇಲೆ ಹುಟ್ಟಿದ ವಿನ್ಯಾಸ, ಹಾಗಾಗಿ ಗ್ರಿಡ್ ಹಾಕಿಕೊಂಡು ಚೌಕ ಚೌಕವಾಗಿ ತುಂಬುತ್ತಾ ಒಂದು ತುಂಡು ಬರೆದು ಅದನ್ನೇ ಮತ್ತೆ ಮತ್ತೆ ಜೋಡಿಸಿ. ನುಣುಪಾದ ಗೆರೆ ಎಳೆದರೆ ನೇಯ್ಗೆ ಹೋಗಿ ಸುಮ್ನೆ ರಂಗೋಲಿಯಾಗುತ್ತದೆ.

ಇನ್ನೊಂದು ವಿಷಯ, ನಾನೇ ತಪ್ಪು ಮಾಡಿದ್ದು. ಒಂದು ಮದುವೆ ಕರೆಯೋಲೆಗೆ ಹೆಂಗಸಿನ ಚಿತ್ರ ಬರೆದೆ, ಅಂಚು ಚೆನ್ನಾಗಿ ಕಾಣಲಿ ಅಂತ ಅದನ್ನು ಮೇಲಕ್ಕೆ ತಂದು ಕತ್ತಿನ ಸುತ್ತ ಸುತ್ತಿದೆ. ಪಕ್ಕದ ಮನೆಯ ಅಮ್ಮ ನೋಡಿ ಸುಮ್ಮನಾದರು. ಆಮೇಲೆ ಮೆಲ್ಲಗೆ ಹೇಳಿದರು, ಹಾಗೆ ಹೊದೆಯುವುದು ಸಾವಿನ ಮನೆಗೆ ಹೋಗುವಾಗ. ರಾತ್ರಿ ಕೂತು ಮತ್ತೆ ಬರೆದೆ. ಇಂಟರ್ನೆಟ್ಟಿನ ಫೋಟೋ ನೋಡಿ ನಕಲು ಮಾಡುವಾಗ ದಯವಿಟ್ಟು ಇದನ್ನು ಗಮನಿಸಿ, ಹೊದೆಯುವ ರೀತಿಗೂ ಅರ್ಥ ಇದೆ.

ಮೊದಲು ನಿಮ್ಮ ಗೆಳೆಯರು ಯಾವ ಕಡೆಯವರು ಅಂತಲೂ ಕೇಳಿ. ಈ ಬಿಳಿ ಉಡುಪು ಮುಖ್ಯವಾಗಿ ಉತ್ತರದ ಅಮ್ಹಾರಾ, ತಿಗ್ರಾಯ್ ಕಡೆಯದು. ಒರೊಮೊ ಜನರ ಉಡುಪು ಬೇರೆ, ಹರಾರ್ ಪಟ್ಟಣದ ಹೆಂಗಸರದು ಕಣ್ಣು ಕುಕ್ಕುವಷ್ಟು ಬಣ್ಣ ಬಣ್ಣ. 80ಕ್ಕೂ ಹೆಚ್ಚು ಸಮುದಾಯಗಳಿರುವ ದೇಶ ಅದು. ಬಾವುಟ ಬಿಟ್ಟುಬಿಡಿ, ನಡುವೆ ನಕ್ಷತ್ರ ಇರಬೇಕೋ ಬೇಡವೋ ಅನ್ನುವುದೇ ಅಲ್ಲಿ ರಾಜಕೀಯ.

ಅಕ್ಷರದ ವಿಷಯ ನನಗೆ ತುಂಬಾ ಇಷ್ಟ. ಅವರ ಲಿಪಿ ಫಿದೆಲ್ ನಮ್ಮ ಕಾಗುಣಿತದಂತೆಯೇ ನಡೆಯುತ್ತದೆ, ಒಂದೊಂದು ವ್ಯಂಜನಕ್ಕೂ ಸ್ವರಕ್ಕೆ ತಕ್ಕಂತೆ 7 ರೂಪ. ಒಂದು ಸಣ್ಣ ಕಾಲು ಹೆಚ್ಚುಕಮ್ಮಿಯಾದರೆ ಓದುವುದೇ ಬೇರೆಯಾಗುತ್ತದೆ. ಎಐ ಚಿತ್ರಗಳಲ್ಲಿ ಬರುವ ಅಕ್ಷರಗಳನ್ನು ನಂಬಬೇಡಿ. ನೋಟೋ ಸೆರಿಫ್ ಇಥಿಯೋಪಿಕ್ ಫಾಂಟ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಟೈಪ್ ಮಾಡಿಸಿ, ಓದಲು ಬರುವವರಿಗೆ ತೋರಿಸಿ.

ಹೊಸ ವರ್ಷ ಎಂಕುತಾತಾಶ್ ಬರುವುದು ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ. ಇಸವಿ ಹಾಕುವಾಗ ಜೋಪಾನ, 2025ರ ಸೆಪ್ಟೆಂಬರಿನಲ್ಲಿ ಅವರ ಕ್ಯಾಲೆಂಡರಿನ ಪ್ರಕಾರ ಶುರುವಾಗಿದ್ದು 2018. ಮಳೆ ನಿಂತು ಗುಡ್ಡದ ತುಂಬಾ ‘ಅದೆಯ್ ಅಬೆಬಾ’ ಅನ್ನುವ ಹಳದಿ ಹೂ ಅರಳುವ ಕಾಲ ಅದು. ಬಿಳಿಯ ಮೇಲೆ ಆ ಹಳದಿ ಒಂದು ಹಿಡಿ ಇಟ್ಟರೆ ಸಾಕು, ಅಲ್ಲಿಂದ ಬಂದವರು ದೂರದಿಂದಲೇ ಗುರುತು ಹಿಡಿಯುತ್ತಾರೆ.

ಗೆಳೆಯರಲ್ಲಿ ಯಾರ ಹತ್ತಿರವಾದರೂ ನೆಟೆಲಾ ಇದ್ದರೆ ಅಂಚನ್ನು ಹತ್ತಿರದಿಂದ ಫೋಟೋ ತೆಗೆದು ಇಲ್ಲೇ ಹಾಕಿ. ಗ್ರಿಡ್‌ಗೆ ಇಳಿಸಲು ನಾನು ಸಹಾಯ ಮಾಡುತ್ತೇನೆ.