ರೂಪ ಉಳಿದು ಕಸುವು ಕಳೆದುಕೊಂಡ ಕಲ್ಲು

ಪ್ರಶ್ನೆ: ಬಾವಿ ತೋಡಿಸುವಾಗ ಹತ್ತು ಅಡಿ ಆಳದಲ್ಲಿ ವಿಚಿತ್ರವಾದ ಪದರವೊಂದು ಸಿಕ್ಕಿತು. ನೋಟಕ್ಕೆ ಅದು ಗ್ರಾನೈಟ್ ಕಲ್ಲೇ. ಹರಳುಗಳ ಜೋಡಣೆಯೂ ಬಿಳಿಯ ಗೆರೆಗಳೂ ಇದ್ದಂತೆಯೇ ಇದ್ದವು. ಆದರೆ ಹಿಸುಕಿದರೆ ಕೈಯಲ್ಲೇ ಪುಡಿಯಾಗುತ್ತಿತ್ತು, ಪುಡಿಯಲ್ಲಿ ಗಾಜಿನಂತಹ ಕಣಗಳು ಮಾತ್ರ ಗಟ್ಟಿಯಾಗಿ ಉಳಿದಿದ್ದವು. ಬಿಸಿಲು ತಾಗದ ಆಳದಲ್ಲಿ ಕಲ್ಲು ಹೀಗಾಗಲು ಕಾರಣವೇನು? ಬರಿಯ ಮಳೆನೀರಿಗೆ ಅಷ್ಟು ಶಕ್ತಿಯಿದೆಯೇ?

ಉತ್ತರ: ನೀವು ಕಂಡದ್ದು ಇದ್ದಲ್ಲಿಯೇ ಕೊಳೆತ ಕಲ್ಲು, ಭೂವಿಜ್ಞಾನಿಗಳು ಇದನ್ನು ಸ್ಯಾಪ್ರೊಲೈಟ್ ಎನ್ನುತ್ತಾರೆ. ರಾಸಾಯನಿಕ ಶಿಥಿಲೀಕರಣವನ್ನು, ಎಂದರೆ ನೀರು, ಗಾಳಿಗಳ ರಾಸಾಯನಿಕ ಕ್ರಿಯೆಯಿಂದ ಕಲ್ಲು ಕೊಳೆಯುವುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ, ಏಕೆಂದರೆ ಯಾವ ಖನಿಜ ಸೋತಿತು, ಯಾವುದು ಉಳಿಯಿತು ಎಂಬುದು ಅದರಲ್ಲಿ ಬರಿಗಣ್ಣಿಗೇ ಕಾಣುತ್ತದೆ.

ಮೊದಲು ನೀರಿನ ವಿಷಯ. ಮಳೆಹನಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲವಾದ ಕಾರ್ಬಾನಿಕ್ ಆಮ್ಲವಾಗುತ್ತದೆ. ಆದ್ದರಿಂದ ಮಾಲಿನ್ಯವೇ ಇಲ್ಲದ ಮಳೆನೀರಿನ ಪಿಎಚ್ (ಹುಳಿಯ ಅಳತೆ; 7ಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಕೂಡ 7 ಅಲ್ಲ, ಸುಮಾರು 5.6. ಅದೇ ನೀರು ಮಣ್ಣಿಗಿಳಿದಾಗ ಇನ್ನಷ್ಟು ಹುಳಿಯಾಗುತ್ತದೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನೊಳಗಿನ ಗಾಳಿಯಲ್ಲಿ ಈ ಅನಿಲವು ಹೊರಗಿನ ಗಾಳಿಗಿಂತ ಹತ್ತರಿಂದ ನೂರು ಪಟ್ಟು ಹೆಚ್ಚಾಗಿರಬಹುದು. ಹಾಗಾಗಿ ನೆಲದೊಳಗೆ ಕಲ್ಲು ಸುರಕ್ಷಿತ ಎಂಬ ಭಾವನೆ ಸರಿಯಲ್ಲ. ಬಯಲಿನ ಬಂಡೆಯ ಮೇಲೆ ಮಳೆ ಸುರಿದು ಹರಿದುಹೋಗುತ್ತದೆ, ತೇವದ ಮಣ್ಣು ಹೊದ್ದ ಬಂಡೆಯಾದರೋ ವರ್ಷವಿಡೀ ಆ ಹುಳಿನೀರಿನಲ್ಲಿ ನೆನೆಯುತ್ತಿರುತ್ತದೆ.

ಗ್ರಾನೈಟಿನಲ್ಲಿ ಮುಖ್ಯವಾಗಿ ಫೆಲ್ಡ್‌ಸ್ಪಾರ್, ಬೆಣಚು ಮತ್ತು ಅಭ್ರಕ ಇರುತ್ತವೆ. ಇವುಗಳಲ್ಲಿ ಫೆಲ್ಡ್‌ಸ್ಪಾರಿನ ಪಾಲೇ ದೊಡ್ಡದು, ನಿಮ್ಮ ಕಲ್ಲು ಸೋತದ್ದೂ ಬಹುಮಟ್ಟಿಗೆ ಅಲ್ಲಿಯೇ. ನೀರಿನಲ್ಲಿರುವ ಹೈಡ್ರೋಜನ್ ಅಯಾನುಗಳು ಫೆಲ್ಡ್‌ಸ್ಪಾರಿನೊಳಕ್ಕೆ ನುಗ್ಗಿ ಅಲ್ಲಿನ ಪೊಟ್ಯಾಶಿಯಂ, ಸೋಡಿಯಂ, ಕ್ಯಾಲ್ಸಿಯಂಗಳನ್ನು ಹೊರದಬ್ಬುತ್ತವೆ. ಹರಳಿನ ಒಳರಚನೆ ಸಡಿಲಗೊಂಡ ಮೇಲೆ ಉಳಿದ ಅಲ್ಯೂಮಿನಿಯಂ ಮತ್ತು ಸಿಲಿಕಾ ಹೊಸದಾಗಿ ಜೋಡಣೆಗೊಂಡು ಕೇಯೊಲಿನೈಟ್ ಎಂಬ ಬಿಳಿಯ ಜೇಡಿ ಖನಿಜವಾಗುತ್ತವೆ. ಜಲವಿಶ್ಲೇಷಣೆ ಎಂದರೆ ಇದೇ. ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್ ಪೂರ್ತಿಯಾಗಿ ಕೇಯೊಲಿನೈಟ್ ಆಗುವಾಗ ಅದರ ಪೊಟ್ಯಾಶಿಯಂ ಎಲ್ಲವೂ, ಸಿಲಿಕಾದ ಮೂರರಲ್ಲಿ ಎರಡು ಪಾಲೂ ನೀರಿನೊಡನೆ ಹೊರಟುಹೋಗುತ್ತವೆ. ಗಾತ್ರ ಕುಗ್ಗದೆ ತೂಕ ಮಾತ್ರ ಇಳಿಯುವುದರಿಂದಲೇ ಕಲ್ಲಿನ ಹಳೆಯ ಗೆರೆಗಳು ಕದಲದೆ ಉಳಿದಿರುತ್ತವೆ. ಒಂದು ಘನ ಸೆಂಟಿಮೀಟರ್ ಗ್ರಾನೈಟ್ ಸುಮಾರು 2.7 ಗ್ರಾಂ ತೂಗಿದರೆ, ಚೆನ್ನಾಗಿ ಕೊಳೆತ ಪದರದಲ್ಲಿ ಅದು 2 ಗ್ರಾಂಗಿಂತಲೂ ಕೆಳಗಿಳಿಯಬಹುದು.

ಕಪ್ಪು ಅಭ್ರಕದ ಪಾತ್ರ ಬೇರೆ. ಅದರಲ್ಲಿರುವ ಕಬ್ಬಿಣವು ಆಮ್ಲಜನಕದೊಡನೆ ಸೇರಿ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ, ಜೊತೆಗೆ ಅದರ ಹಾಳೆಗಳು ಉಬ್ಬಿಕೊಂಡು ಸುತ್ತಲಿನ ಹರಳುಗಳನ್ನು ಸೀಳುತ್ತವೆ. ಪ್ರಮಾಣದಲ್ಲಿ ಅಲ್ಪವಾದರೂ ಈ ಉಬ್ಬರವು ನೀರಿಗೆ ಹೊಸ ದಾರಿ ತೆರೆಯುವುದರಿಂದ ಕಲ್ಲು ಒಡೆಯುವಲ್ಲಿ ಇದರ ಕೈವಾಡ ದೊಡ್ಡದು. ನಿಮ್ಮ ಪುಡಿಯಲ್ಲಿ ಹಳದಿ ಅಥವಾ ಕೆಂಪು ಕಲೆಗಳಿದ್ದರೆ ಅವು ಇದರವೇ ಆಗಿರುತ್ತವೆ.

ಗಾಜಿನಂತೆ ಉಳಿದದ್ದು ಬೆಣಚು. ಗಟ್ಟಿಯಾಗಿರುವುದರಿಂದ ಅದು ಉಳಿಯಿತೆಂದು ಹಲವರು ಹೇಳುವುದುಂಟು, ಪಠ್ಯಗಳಲ್ಲೂ ಹಾಗೆ ಓದಿದ ನೆನಪು; ನನಗೆ ಅದು ಒಪ್ಪಿಗೆಯಿಲ್ಲ. ಮೋಸ್ ಮಾಪಕದಲ್ಲಿ ಬೆಣಚಿನ ಗಡಸುತನ 7, ಫೆಲ್ಡ್‌ಸ್ಪಾರಿನದು 6. ಆಲಿವಿನ್ ಎಂಬ ಹಸಿರು ಖನಿಜದ್ದು 6.5ರಿಂದ 7, ಎಂದರೆ ಹೆಚ್ಚುಕಡಿಮೆ ಬೆಣಚಿನಷ್ಟೇ. ಆದರೂ ಎಲ್ಲಕ್ಕಿಂತ ಮೊದಲು ಕರಗುವ ಖನಿಜಗಳ ಸಾಲಿನಲ್ಲಿ ಆಲಿವಿನ್ ನಿಲ್ಲುತ್ತದೆ. ಗೀರಿಗೆ ತಡೆಯೊಡ್ಡುವುದು ಬೇರೆ, ಆಮ್ಲಕ್ಕೆ ತಡೆಯೊಡ್ಡುವುದು ಬೇರೆ. ಬೆಣಚಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕಗಳು ಎಲ್ಲ ದಿಕ್ಕಿನಲ್ಲೂ ಒಂದಕ್ಕೊಂದು ಹೆಣೆದುಕೊಂಡಿದ್ದು, ನೀರು ಸುಲಭವಾಗಿ ಕಿತ್ತು ಒಯ್ಯಬಹುದಾದ ಲೋಹದ ಕೊಂಡಿಗಳೇ ಇಲ್ಲ. ಆಲಿವಿನ್‌ನಲ್ಲಾದರೋ ಬಿಡಿಬಿಡಿಯಾದ ಸಿಲಿಕಾ ಘಟಕಗಳನ್ನು ಹಿಡಿದಿರುವುದೇ ಮೆಗ್ನೀಷಿಯಂ ಮತ್ತು ಕಬ್ಬಿಣ. ಖನಿಜಗಳು ಯಾವ ಕ್ರಮದಲ್ಲಿ ಶಿಥಿಲವಾಗುತ್ತವೆ ಎಂಬುದನ್ನು 1938ರಲ್ಲಿ ಭೂವಿಜ್ಞಾನಿ ಸ್ಯಾಮ್ಯುಯೆಲ್ ಗೋಲ್ಡಿಚ್ ಪಟ್ಟಿಮಾಡಿದರು: ಮೊದಲಿಗೆ ಆಲಿವಿನ್, ಕೊನೆಗೆ ಬೆಣಚು. ಶಿಲಾರಸ ತಣಿಯುವಾಗ ಹರಳುಗಟ್ಟುವ ಕ್ರಮವೂ ಬಹುಮಟ್ಟಿಗೆ ಇದೇ. ಅತಿ ಹೆಚ್ಚು ಬಿಸಿಯಲ್ಲಿ ಹುಟ್ಟಿದ ಖನಿಜಕ್ಕೆ ನೆಲದ ಮೇಲಿನ ತಂಪು, ತೇವದ ಸ್ಥಿತಿ ಅತಿ ಹೆಚ್ಚು ಅಪರಿಚಿತ.

ಸುಣ್ಣಕಲ್ಲಿನಲ್ಲಿ ಇಷ್ಟೆಲ್ಲ ತೊಡಕಿಲ್ಲ. ಅದು ಆಮ್ಲದಲ್ಲಿ ನೇರವಾಗಿ ಕರಗಿ ಹರಿದುಹೋಗುತ್ತದೆ, ಕಲ್ಮಶಗಳಷ್ಟೇ ಮಣ್ಣಾಗಿ ಉಳಿಯುತ್ತವೆ.

ನೀವು ಇನ್ನೂ ಆಳಕ್ಕೆ ತೋಡುವುದಾದರೆ ಪುಡಿಕಲ್ಲಿನ ನಡುವೆ ಗಟ್ಟಿಯಾದ ಗುಂಡುಬಂಡೆಗಳು ಎದುರಾಗಬಹುದು. ಬಿರುಕುಗಳ ಮೂಲಕ ಒಳಹೊಕ್ಕ ನೀರು ಚೌಕಾಕಾರದ ತುಂಡಿನ ಮುಖವನ್ನು ಒಂದು ಕಡೆಯಿಂದಲೂ, ಅಂಚನ್ನು ಎರಡು ಕಡೆಯಿಂದಲೂ, ಮೂಲೆಯನ್ನು ಮೂರು ಕಡೆಯಿಂದಲೂ ತಿನ್ನುವುದರಿಂದ ಮೂಲೆಗಳು ಮೊದಲು ಸವೆದು ತಿರುಳು ದುಂಡಗಾಗಿ ಉಳಿಯುತ್ತದೆ. ಅಂತಹ ಗುಂಡು ಸಿಕ್ಕೊಡನೆ ತಳದ ಬಂಡೆ ಬಂತೆಂದು ಅಗೆತ ನಿಲ್ಲಿಸಬೇಡಿ. ಅದರ ಕೆಳಗೆ ಮತ್ತೆ ಕೊಳೆತ ಕಲ್ಲೇ ಇರಬಹುದು. ಕಲ್ಲಿನಂತೆ ಕಾಣುತ್ತದೆಂದು ಆ ಪದರದ ಗೋಡೆಯನ್ನು ಆಸರೆಯಿಲ್ಲದೆ ಬಿಡುವುದೂ ಅಪಾಯ, ಏಕೆಂದರೆ ನೆನೆದಾಗ ಅದು ಮಣ್ಣಿನಂತೆಯೇ ಕುಸಿಯುತ್ತದೆ.